ಬಾಲ್ಟಿಮೋರಿನ ಬ್ಯಾಂಡು, ಬೆಂಗಳೂರಿನ ಡಿಜೆ

1984ರ ಮಾರ್ಚ್ ಕೊನೆಯ ಒಂದು ರಾತ್ರಿ ಅಮೆರಿಕನ್ ಫುಟ್‌ಬಾಲಿನ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಮಾಲೀಕ ರಾಬರ್ಟ್ ಇರ್ಸೆ ತಂಡದ ಸಾಮಾನು ಸರಂಜಾಮುಗಳನ್ನೆಲ್ಲ ಲಾರಿಗಳಿಗೆ ಹೇರಿಸಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿಬಿಟ್ಟ. ಬೆಳಗಾಗುವಷ್ಟರಲ್ಲಿ ಊರಿಗೆ ಫುಟ್‌ಬಾಲ್ ತಂಡವೇ ಇರಲಿಲ್ಲ. ಆದರೆ 1947ರಿಂದ ತಂಡದ ಹಾಡು ನುಡಿಸುತ್ತ ಬಂದಿದ್ದ ಬ್ಯಾಂಡಿನವರ ಸಮವಸ್ತ್ರಗಳು ಆಗ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿದ್ದವು. ಅಂಗಡಿಯವನು ಕಂಡೂ ಕಾಣದಂತೆ ತನ್ನ ವ್ಯಾನನ್ನೇ ಬಿಟ್ಟುಕೊಟ್ಟ. ಇರ್ಸೆಯ ಕೈಗೆ ಸಿಗದಿರಲೆಂದು ಬ್ಯಾಂಡಿನವರು ಬಟ್ಟೆಗಳನ್ನು ಹತ್ತಿರದ ಸ್ಮಶಾನವೊಂದರಲ್ಲಿ ಬಚ್ಚಿಟ್ಟರು. ಕೊನೆಗೆ ಇರ್ಸೆಯ ಹೆಂಡತಿಯೇ ಅವನ್ನು ಬ್ಯಾಂಡಿನವರೇ ಇಟ್ಟುಕೊಳ್ಳಲಿ ಎಂದು ಒಪ್ಪಿದಳಂತೆ.

ಆಮೇಲೆ ಹನ್ನೆರಡು ವರ್ಷ ಅವರು ಊರಿನ ಮೆರವಣಿಗೆಗಳಲ್ಲಿ, ಬೇರೆ ತಂಡಗಳ ಪಂದ್ಯದ ವಿರಾಮದಲ್ಲಿ ನುಡಿಸುತ್ತಲೇ ಇದ್ದರು. 1996ರಲ್ಲಿ ರೇವನ್ಸ್ ತಂಡ ಬಂತು. (ಅದೂ ಕ್ಲೀವ್‌ಲ್ಯಾಂಡಿನವರಿಂದ ಕಿತ್ತು ತಂದದ್ದೇ. ಪೆಟ್ಟು ತಿಂದವರೇ ಪೆಟ್ಟು ಕೊಟ್ಟರು, ಅದು ಬೇರೆ ಮಾತು.) ಕೋಲ್ಟ್ಸ್ ಹಾಡಿನ ರಾಗಕ್ಕೇ ಹೊಸ ಮಾತು ಹೊಂದಿಸಿ 2010ರಿಂದ ರೇವನ್ಸ್ ಹಾಡಾಗಿಸಿದರು.

ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯದಲ್ಲಿ ನೆಲೆಸಿರುವ ನನಗೆ ಈ ಕತೆ ಕೇಳಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಬೆಂಗಳೂರಿನಲ್ಲಿ ಫ್ರಾಂಚೈಸಿ ಎದ್ದು ಹೋದರೆ ಅದರ ಹಾಡನ್ನು ಹನ್ನೆರಡು ದಿನ ಕಾಪಾಡುವವರು ಸಿಕ್ಕಾರೆಯೇ?

ಬಾಲ್ಟಿಮೋರಿನ ಕ್ರೀಡಾಂಗಣದಲ್ಲಿ ಗದ್ದಲಕ್ಕೂ ಒಂದು ಶಿಸ್ತಿದೆ. ರೇವನ್ಸ್ ಕೈಯಲ್ಲಿ ಚೆಂಡಿರುವಾಗ 70 ಸಾವಿರ ಜನ ದನಿ ತಗ್ಗಿಸುತ್ತಾರೆ, ದಾಳಿ ನಡೆಸುವ ಆಟಗಾರ ಕ್ವಾರ್ಟರ್‌ಬ್ಯಾಕ್ ಕೂಗುವ ಸೂಚನೆ ಜತೆಗಾರರಿಗೆ ಕೇಳಲಿ ಎಂದು. ಎದುರಾಳಿಗೆ ಚೆಂಡು ಸಿಕ್ಕ ಕೂಡಲೇ ಕಿವಿಗಡಚಿಕ್ಕುವ ಅಬ್ಬರ. ಚೆಂಡು ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಆಯಿತೋ, ಬ್ಯಾಂಡಿನ ತುತ್ತೂರಿಗಳು ಮೊಳಗುತ್ತವೆ, ಎಲ್ಲರೂ ಎದ್ದು ಹಾಡುತ್ತಾರೆ. ಒಮ್ಮೆ ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನೇರಳೆ ಟೋಪಿ ಹಾಕಿಕೊಂಡು ಹಾಡುತ್ತ ರೇವನ್ಸ್ ಎನ್ನಬೇಕಾದಲ್ಲಿ ಕೋಲ್ಟ್ಸ್ ಎಂದುಬಿಟ್ಟರು. ಮೊಮ್ಮಗ ಮೊಣಕೈಯಿಂದ ತಿವಿದ. ಅಜ್ಜಿ ಮುಂದಿನ ಸಲವೂ ಹಾಗೇ ಹಾಡಿದರು.

ಚಿನ್ನಸ್ವಾಮಿಯಲ್ಲಿ ಜನರ ಗಂಟಲಿಗೇನೂ ಬರವಿಲ್ಲ. ‘ಈ ಸಲ ಕಪ್ ನಮ್ದೇ’ ಎಂಬುದು ಅಭಿಮಾನಿಗಳ ಬಾಯಲ್ಲೇ ಬೆಳೆದ ಘೋಷಣೆ. ವರ್ಷಗಟ್ಟಲೆ ಅದನ್ನೇ ಹಿಡಿದು ಎದುರಾಳಿಗಳು ಗೇಲಿ ಮಾಡಿದರೂ ಜನ ಬಿಡಲಿಲ್ಲ, 2025ರಲ್ಲಿ ಕಪ್ ಬಂದೇ ಬಂತು. ಆದರೆ ಎರಡು ಓವರುಗಳ ನಡುವೆ ಉಸಿರಾಡಲೂ ಬಿಡದೆ ಡಿಜೆ ನುಗ್ಗುತ್ತಾನೆ. ಆರ್‌ಸಿಬಿ ಆರ್‌ಸಿಬಿ ಎಂದು ಕೂಗಿಸುವವನೂ ಅವನೇ, ನಿಲ್ಲಿಸುವವನೂ ಅವನೇ. ಅಮೆರಿಕದಲ್ಲೂ ‘ಗದ್ದಲ ಮಾಡಿ’ ಎಂದು ದೊಡ್ಡ ಪರದೆ ಅಪ್ಪಣೆ ಕೊಡುತ್ತದೆ, ನನಗೆ ಅದೂ ಹಿಡಿಸುವುದಿಲ್ಲ. ಆದರೂ ಹಾಡಿನ ಹೊತ್ತು ಮಾತ್ರ ಜನರದು.

ಹಳೆಯ ಹಾಡೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ನೆರೆಯ ವಾಷಿಂಗ್ಟನ್ ತಂಡದ 1930ರ ದಶಕದ ಹಾಡಿನಲ್ಲಿ ಮೂಲನಿವಾಸಿಗಳನ್ನು ಅಣಕಿಸುವ ಸಾಲುಗಳಿದ್ದವು. ಅವನ್ನು ಕಿತ್ತುಹಾಕಿದ್ದು ಒಳ್ಳೆಯದೇ ಆಯಿತು. 2020ರಲ್ಲಿ ‘ರೆಡ್‌ಸ್ಕಿನ್ಸ್’ ಎಂಬ ಅಂಥದ್ದೇ ಹೆಸರೂ ಹೋಯಿತು.

ಬೆಂಗಳೂರಿನಲ್ಲೇ ಬೇರೆ ದಾರಿಯೂ ಇದೆ. ಕಂಠೀರವ ಕ್ರೀಡಾಂಗಣದಲ್ಲಿ ಕಾಲ್ಚೆಂಡಿನ ಬೆಂಗಳೂರು ಎಫ್‌ಸಿ ತಂಡ ಆಡುವಾಗ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ಯಾವ ಮೈಕಿನ ಅಪ್ಪಣೆಗೂ ಕಾಯದೆ ಡೋಲು ಬಡಿದು ತಾವೇ ಹಾಡುತ್ತಾರೆ. ಭಜನೆ, ಕೋಲಾಟ, ಡೊಳ್ಳು ಕಂಡ ನಾಡಿನವರಿಗೆ ಗುಂಪಿನಲ್ಲಿ ದನಿಗೂಡಿಸುವುದನ್ನು ಯಾರೂ ಕಲಿಸಬೇಕಿಲ್ಲ. ಚಿನ್ನಸ್ವಾಮಿಯಲ್ಲೂ ಪ್ರತಿ ಗೆಲುವಿನ ನಂತರ ಎರಡು ನಿಮಿಷ ಧ್ವನಿವರ್ಧಕ ಆರಿಸಿ ನೋಡಲಿ. ಮೊದಲು ಜನ ತಬ್ಬಿಬ್ಬಾದಾರು. ಆಮೇಲೆ ಯಾವ ಹಾಡು ಹಾಡಬೇಕೆಂದು ಗ್ಯಾಲರಿ ಗ್ಯಾಲರಿಗೂ ಜಗಳ ಹತ್ತಿಕೊಳ್ಳುತ್ತದೆ. ಹತ್ತಿಕೊಳ್ಳಲಿ. ಡಿಜೆ ಮಾತ್ರ ನಡುವೆ ಬಾಯಿ ಹಾಕುವುದು ಬೇಡ.