ಕೆಸರಲ್ಲಿ ಆಮ್ಲಜನಕ ಸೊನ್ನೆ ಅಂದರೆ ಕಡಲು ಸತ್ತಿದೆ ಅಂತಲ್ಲ

"ಕಾರವಾರದ ಕಡಲ ತಳದ ಕೆಸರಲ್ಲಿ ಆಮ್ಲಜನಕವೇ ಇಲ್ಲ, ಇನ್ನು ಮೀನು ಉಳಿಯಲ್ಲ" ಎಂಬ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಸುಮ್ನೆ ಹೆದರಬೇಡಿ. ದಡದ ಹತ್ತಿರದ ಮೆತ್ತನೆ ಕೆಸರಲ್ಲಿ ಆಮ್ಲಜನಕ ಇಳಿಯುವುದೇ ಕೆಲವು ಮಿಲಿಮೀಟರ್. ಅಷ್ಟರಲ್ಲೇ ಬ್ಯಾಕ್ಟೀರಿಯಾಗಳು ಅದನ್ನು ಬಳಸಿ ಮುಗಿಸುತ್ತವೆ. ಕೆಳಗಿನದು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅಘನಾಶಿನಿ ಅಳಿವೆಯಲ್ಲಿ ಬಳಚು (ಕೆಸರಲ್ಲಿ ಸಿಗುವ ಚಿಪ್ಪುಜೀವಿ) ಹೆಕ್ಕುವವರಿಗೆ ಇದು ಗೊತ್ತೇ ಇದೆ, ಅಲ್ವಾ?

ಅಳತೆಯೂ ಸೂಕ್ಷ್ಮ. ಕೊಳವೆಯಲ್ಲಿ ತೆಗೆದ ಕೆಸರಿನ ಮೇಲೆ ಅದೇ ಕಡಲ ನೀರು ಕದಡದೆ ನಿಂತಿರಬೇಕು. ಕೂದಲಿನಷ್ಟು ತೆಳು ತುದಿಯ ಸೆನ್ಸರನ್ನು ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ ಇಳಿಸುತ್ತಾ ಓದುತ್ತಾರೆ. 10 ಸೆಂಟಿಮೀಟರ್ ಆಳದಲ್ಲಿ ಸೊನ್ನೆ ಬರುವುದು ಸಹಜ.

ಗಮನಿಸಬೇಕಾದ್ದು ಕೆಸರಿನ ಮೇಲಿನ ನೀರನ್ನು. ಮಳೆಗಾಲದ ಕೊನೆಯಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಆಮ್ಲಜನಕ ಕಡಿಮೆ ಇರುವ ನೀರು ಆಳದಿಂದ ಏರಿ ಬರುತ್ತದೆ. ಆಗ ತಳದ ಮೀನುಗಳು ಜಾಗ ಬಿಡುವುದುಂಟು.