ಟೈರ್ ಒಂದನ್ನೇ ದೂರಿದರೆ ಆಗುತ್ತಾ?

1937ರ ಮಾರ್ಚ್ 20ರಂದು ಹವಾಯಿಯ ಹೊನೊಲುಲುವಿನ ಲೂಕ್ ಫೀಲ್ಡ್ ವಿಮಾನ ನೆಲೆಯಲ್ಲಿ, ಭೂಮಿ ಸುತ್ತಲು ಹೊರಟಿದ್ದ ಅಮೆರಿಕದ ಪೈಲಟ್ ಅಮೆಲಿಯಾ ಇಯರ್‌ಹಾರ್ಟ್ ಅವರ ವಿಮಾನ ರನ್‌ವೇಯಲ್ಲೇ ಗಿರ್ರನೆ ತಿರುಗಿ ಬಿದ್ದಿದ್ದಕ್ಕೆ ಟೈರ್ ಒಡೆದದ್ದೇ ಕಾರಣ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇಯರ್‌ಹಾರ್ಟ್ ಹಾಗೆ ಅಂದುಕೊಂಡಿದ್ದು ನಿಜ. ಆದರೆ ಅವರ ಸಲಹೆಗಾರ, ಹೊನೊಲುಲುವರೆಗೆ ಜೊತೆಗೆ ಹಾರಿದ್ದ ಪಾಲ್ ಮ್ಯಾಂಟ್ಸ್, ಪೈಲಟ್‌ನದೇ ತಪ್ಪು ಎಂದಿದ್ದರು. ನನಗೂ ಮ್ಯಾಂಟ್ಸ್ ಮಾತೇ ಜಾಸ್ತಿ ಸರಿ ಅನಿಸುತ್ತದೆ.

ಅವರು ಹಾರಿಸುತ್ತಿದ್ದ ಲಾಕ್‌ಹೀಡ್ ಎಲೆಕ್ಟ್ರಾ ಹತ್ತು ಜನ ಕೂರುವ ಪುಟ್ಟ ಪ್ರಯಾಣಿಕ ವಿಮಾನ. ಇಯರ್‌ಹಾರ್ಟ್ ಅದರ ಸೀಟು ಇರಬೇಕಾದ ಜಾಗಕ್ಕೂ ಇಂಧನದ ಟ್ಯಾಂಕ್ ಇಡಿಸಿದ್ದರು. ಮೂರನೇ ಚಕ್ರ ಇರುವುದು ಬಾಲದಲ್ಲಿ, ಭಾರವೆಲ್ಲ ಮುಂದಿನ ಚಕ್ರಗಳಿಗಿಂತ ಹಿಂದೆ. ಮೂತಿ ಸ್ವಲ್ಪ ಪಕ್ಕಕ್ಕೆ ಹೊರಳಿದರೂ ಆ ಭಾರ ಇನ್ನಷ್ಟು ತಿರುಗಿಸುತ್ತದೆ. ವೇಗ ಕಡಿಮೆ ಇರುವಾಗ ಬಾಲದ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಪಟ್ಟಿ) ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಗ ಎರಡು ಎಂಜಿನ್‌ಗಳ ಶಕ್ತಿಯನ್ನು ಥ್ರಾಟಲ್‌ನಿಂದ ಹೆಚ್ಚುಕಡಿಮೆ ಮಾಡಿ ನೇರ ಮಾಡಲು ಹೋದರೆ ಕಥೆ ಮುಗೀತು. ಅವತ್ತು ಚಕ್ರದ ಕಾಲು ಮುರಿದು, ಪ್ರೊಪೆಲ್ಲರ್ ನೆಲಕ್ಕೆ ಬಡಿದು, ವಿಮಾನ ಹೊಟ್ಟೆ ಮೇಲೆ ಜಾರಿತು. ಅಷ್ಟು ಇಂಧನ ಇದ್ದರೂ ಬೆಂಕಿ ಹತ್ತಲಿಲ್ಲ. ಒಳಗಿದ್ದ ಇಯರ್‌ಹಾರ್ಟ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್‌ಗಳಾದ ಹ್ಯಾರಿ ಮ್ಯಾನಿಂಗ್, ಫ್ರೆಡ್ ನೂನನ್ ಮೂವರೂ ಬದುಕಿದರು, ಪುಣ್ಯ!

ಲೇಖನದಲ್ಲಿ ಇಲ್ಲದ ಇನ್ನೊಂದು ವಿಷಯ ಮ್ಯಾನಿಂಗ್. ಮೋರ್ಸ್ ಸಂಕೇತ, ರೇಡಿಯೊ ಚೆನ್ನಾಗಿ ಬಲ್ಲ ಈ ಹಡಗಿನ ಕ್ಯಾಪ್ಟನ್ ಅಪಘಾತದ ನಂತರ ತಂಡ ಬಿಟ್ಟರು. ವಿಮಾನವನ್ನು ಹಡಗಿನಲ್ಲಿ ಕ್ಯಾಲಿಫೋರ್ನಿಯಾಗೆ ಸಾಗಿಸಿ ರಿಪೇರಿ ಮಾಡಿಸಿದರು. ಎರಡನೇ ಸಲ ದಿಕ್ಕು ಬದಲಾಯಿಸಿ, ಕರಾಚಿ, ಕಲ್ಕತ್ತಾ ದಾಟಿ ಹೋದಾಗ ಇದ್ದವರು ಇಯರ್‌ಹಾರ್ಟ್ ಮತ್ತು ಫ್ರೆಡ್ ನೂನನ್ ಇಬ್ಬರೇ. ಜುಲೈ 2ರಂದು ಪೆಸಿಫಿಕ್‌ನ ಹೌಲ್ಯಾಂಡ್ ದ್ವೀಪದ ಹತ್ತಿರ ಅವರು ಕಣ್ಮರೆಯಾದಾಗ ಕೈಕೊಟ್ಟಿದ್ದು ಇದೇ ರೇಡಿಯೊ ಸಂಪರ್ಕ ಅಲ್ವಾ?