ಓಲೆಕಾರನ ಹಕ್ಕಿ ಬೈಕಲ್ಲ

ನಮ್ಮ ಆಟದ ಗೆಳೆಯರ ನಡುವೆ ಒಂದು ತಿಂಗಳಿಂದ ಎಳೆದಾಡುತ್ತಿರುವ ಜಗಳವೊಂದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ವಾಟ್ಸಾಪ್ ಗುಂಪಿನಲ್ಲಿ ಮೂರು ಸಾಲಿನಾಚೆಗೆ ಯಾರೂ ಓದುವುದಿಲ್ಲ. ಜಗಳ ಒಂದು ಹಕ್ಕಿಯ ಕುರಿತಾದದ್ದು. ಹಕ್ಕಿ ಕಲ್ಪನೆಯದು, ಜಗಳ ನಿಜದ್ದು.

ತಿಳಿಯದವರಿಗಾಗಿ ಮೊದಲು ಆಟದ ವಿಷಯ. ಶಿರಸಿಯ ನಮ್ಮ ಮನೆಯ ಮೆತ್ತಿನ ಮೇಲೆ ಶನಿವಾರ ಸಂಜೆ ಐದು ಜನ ಸೇರುತ್ತೇವೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದ ನಾಲ್ವರು ಒಂದೊಂದು ಪಾತ್ರ ಹೊತ್ತು, ಆ ಪಾತ್ರ ಏನು ಮಾಡುತ್ತದೆ, ಏನು ಹೇಳುತ್ತದೆ ಎಂಬುದನ್ನು ಆ ಕ್ಷಣದಲ್ಲೇ ನಿರ್ಧರಿಸಿ ಆಡುತ್ತಾರೆ. ಫಲ ಹೀಗೋ ಹಾಗೋ ಎಂಬ ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಈ ಬಗೆಯ ಆಟ ಅಮೆರಿಕದಲ್ಲಿ 1974ರಲ್ಲಿ ಮೊದಲು ಪೆಟ್ಟಿಗೆಯಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂತು. ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ವೇಷವಿಲ್ಲದೆ ಕುಳಿತು, ಸಿದ್ಧಪಠ್ಯವಿಲ್ಲದೆ ಅರ್ಥ ಹೇಳುವ ತಾಳಮದ್ದಲೆಯನ್ನು ಕೇಳಿದವರು ಅರ್ಧ ಆಟವನ್ನು ಆಗಲೇ ಬಲ್ಲರು. ಭಾಗವತರಿಗೆ ಪದ್ಯವಿದೆ, ನಮ್ಮ ಕಥೆ ನಡೆಸುವವರಿಗೆ ದಾಳವಿದೆ.

ನನ್ನ ಪಾತ್ರ ತಿಮ್ಮ ಎಂಬ ಓಲೆಕಾರ. ಅವನ ಸಂಗಾತಿ ಬೊಮ್ಮ, ಆಳೆತ್ತರಕ್ಕಿಂತ ಬಹಳ ದೊಡ್ಡದಾದ ಒಂದು ಗಂಡು ಮಂಗಟ್ಟೆ ಹಕ್ಕಿ. ಇಬ್ಬರೂ ಘಟ್ಟದ ಮೇಲಿನ ಊರುಗಳಿಗೂ ಕೆಳಗಿನ ಬಂದರುಗಳಿಗೂ ನಡುವೆ ಕಾಗದಪತ್ರ ಮುಟ್ಟಿಸುತ್ತಾರೆ. ಊರುಗಳಿಗೆ ಬೇರೆ ಹೆಸರಿಟ್ಟಿದ್ದರೂ ನಕ್ಷೆಯನ್ನು ನಾವು ನಮ್ಮ ಜಿಲ್ಲೆಯ ಮೇಲೆಯೇ ಬರೆದುಕೊಂಡಿದ್ದೇವೆ. ದೇವಿಮನೆ ಘಟ್ಟ ಅಲ್ಲೇ ಇದೆ, ಅಘನಾಶಿನಿಯೂ ಅಲ್ಲೇ ಹರಿಯುತ್ತದೆ.

ಕಳೆದ ತಿಂಗಳು ಕಥೆ ನಡೆಸುವ ಹೊಣೆಯನ್ನು ಬೆಂಗಳೂರಿನಿಂದ ಊರಿಗೆ ಬಂದಿದ್ದ ಗೆಳೆಯನೊಬ್ಬ ವಹಿಸಿಕೊಂಡ. ನಾನು "ತಿಮ್ಮ ಬಂದರಿಗೆ ಹೊರಡುತ್ತಾನೆ" ಎಂದೆ. ಅವನು "ಹಾರಿದೆ, ತಲುಪಿದೆ, ಮುಂದೇನು?" ಎಂದ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ಘಟ್ಟ, ಕಾಡು, ಅಡಿಕೆ ತೋಟ, ಹೊಳೆ, ಗಜನಿ, ಎಲ್ಲವೂ ಎರಡು ಮಾತಿನಲ್ಲಿ ಮುಗಿದುಹೋದವು. ನಾನು ಆಕ್ಷೇಪಿಸಿದಾಗ ಅವನು ಕೊಟ್ಟ ಉತ್ತರ ಇಷ್ಟೇ: "ಮಾರಾಯ, ರಾಕ್ಷಸರು ಮಂತ್ರ ಹಾಕುವ ಲೋಕದಲ್ಲಿ ಹಕ್ಕಿ ಹಾರುವುದಕ್ಕೆ ಲೆಕ್ಕ ಎಂತದು?"

ಲೆಕ್ಕ ಬೇಕು ಎಂಬುದೇ ನನ್ನ ವಾದ. ಮನುಷ್ಯನನ್ನು ಹೊತ್ತು ಹಾರುವ ಹಕ್ಕಿ ಇರಲು ಸಾಧ್ಯವಿಲ್ಲವೆಂಬುದು ನನಗೂ ಗೊತ್ತು. ನಿಜವಾದ ದೊಡ್ಡ ಮಂಗಟ್ಟೆ ಸುಮಾರು ಮೂರು ಕೆ.ಜಿ. ತೂಗುತ್ತದೆ, ಒಂದು ಮೀಟರಿಗಿಂತ ತುಸು ಉದ್ದವಿರುತ್ತದೆ. ಅದನ್ನು ಎಲ್ಲ ದಿಕ್ಕಿನಲ್ಲೂ ಐದು ಪಟ್ಟು ಹಿಗ್ಗಿಸಿದರೆ ರೆಕ್ಕೆಯ ವಿಸ್ತಾರ 25 ಪಟ್ಟಾಗುತ್ತದೆ, ತೂಕ ಮಾತ್ರ 125 ಪಟ್ಟಾಗಿ 375 ಕೆ.ಜಿ. ಮುಟ್ಟುತ್ತದೆ. ಅಷ್ಟು ಭಾರವನ್ನು ಅಷ್ಟು ರೆಕ್ಕೆ ಎತ್ತಲಾರದು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಇಂದಿನ ಅರ್ಜೆಂಟೀನಾದಲ್ಲಿ ಬದುಕಿದ್ದ ಅರ್ಜೆಂಟಾವಿಸ್ ಎಂಬ ಮಹಾಪಕ್ಷಿ, ನಮಗೆ ತಿಳಿದಿರುವ ಹಾರುವ ಹಕ್ಕಿಗಳಲ್ಲಿ ಅತಿ ಭಾರದ್ದೆಂದು ಹೆಸರಾದದ್ದು, ಅದೂ ತೂಗುತ್ತಿದ್ದದ್ದು ಸುಮಾರು 70 ಕೆ.ಜಿ. ಮಾತ್ರ. ಅಂದರೆ ಅದರ ತೂಕವೇ ಒಬ್ಬ ಸವಾರನಷ್ಟು. ಆದ್ದರಿಂದ ಬೊಮ್ಮ ಹಾರುತ್ತಾನೆ ಎಂಬುದು ಶುದ್ಧ ಸುಳ್ಳು. ಆದರೆ ಕಥೆಗೆ ಒಂದು ಸುಳ್ಳನ್ನು ಸಾಲವಾಗಿ ಪಡೆದ ಮೇಲೆ ಉಳಿದುದನ್ನು ನಿಜದ ಹಣದಲ್ಲೇ ನಡೆಸಬೇಕು. ಎಲ್ಲವನ್ನೂ ಸಾಲದಲ್ಲೇ ನಡೆಸಿದರೆ ಕಥೆ ದಿವಾಳಿಯಾಗುತ್ತದೆ.

ಆ ಹಳೆಯ ಮಹಾಪಕ್ಷಿ ಬಹುಮಟ್ಟಿಗೆ ರೆಕ್ಕೆ ಬಡಿಯದೆ, ಮೇಲೇಳುವ ಗಾಳಿಯನ್ನು ಹಿಡಿದು ತೇಲುತ್ತಿತ್ತೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಬೊಮ್ಮನಿಗೂ ನಾನು ಅದೇ ನಿಯಮ ಇಟ್ಟಿದ್ದೇನೆ. ಕರಾವಳಿಯಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿಗೆ ಬೀಸುವ ಗಾಳಿ, ಬಿಸಿಲು ಏರಿದ ಮೇಲೆ ತಿರುಗಿ ಕಡಲಿನಿಂದ ನೆಲಕ್ಕೆ ಬೀಸತೊಡಗುತ್ತದೆ, ಘಟ್ಟದ ಗೋಡೆಗೆ ತಾಗಿ ಮೇಲಕ್ಕೇಳುತ್ತದೆ. ಹಾಗಾಗಿ ಬೊಮ್ಮ ಘಟ್ಟ ಇಳಿಯುವುದು ಬೆಳಿಗ್ಗೆ, ಹತ್ತುವುದು ಮಧ್ಯಾಹ್ನದ ಮೇಲೆ. ಬಂದರಿನವರು ಉತ್ತರ ಬರೆಯಲು ತಡಮಾಡಿದರೆ ತಿಮ್ಮನಿಗೆ ಅಂದು ಅಲ್ಲೇ ವಸ್ತಿ. ಮೃಗಶಿರಾ ಮಳೆ ಹಿಡಿದ ಮೇಲೆ ಹಾರಾಟವೇ ಇಲ್ಲ. ಗುಟ್ಟಿನ ಪ್ರಯಾಣವೂ ಸಾಧ್ಯವಿಲ್ಲ, ಏಕೆಂದರೆ ಮಂಗಟ್ಟೆಯ ರೆಕ್ಕೆಯ ಸದ್ದು ಹಳೆಯ ಉಗಿಬಂಡಿಯ ಹಾಗೆ, ದಾಂಡೇಲಿಯ ಕಾಡಿನಲ್ಲಿ ಹಕ್ಕಿ ಕಾಣುವ ಮೊದಲೇ ಅದರ ಸದ್ದು ಕೇಳಿಸುತ್ತದೆ. ಮೂರು ಕೆ.ಜಿ. ಹಕ್ಕಿಯದೇ ಅಷ್ಟು ಸದ್ದಾದರೆ ಬೊಮ್ಮ ಬಂದದ್ದು ಮೂರು ಊರಿಗೆ ತಿಳಿದಿರುತ್ತದೆ. ನಮ್ಮ ಗುಂಪಿನ ಕಳ್ಳನ ಪಾತ್ರಧಾರಿಗೆ ಈ ಒಂದು ಕಾರಣಕ್ಕೇ ಬೊಮ್ಮನನ್ನು ಕಂಡರೆ ಆಗದು.

ಹಕ್ಕಿಯಿಂದ ಕಾಗದ ಕಳಿಸಿದ ನಿಜವಾದ ಮನುಷ್ಯರಿಗೂ ಹಕ್ಕಿ ಪೂರ್ತಿ ಕೈವಶವಾಗಿರಲಿಲ್ಲ. ಒಡಿಶಾ ಪೊಲೀಸರು 1946ರಲ್ಲಿ ಆರಂಭಿಸಿದ ಪಾರಿವಾಳದ ಟಪಾಲನ್ನು 2008ರವರೆಗೂ ನಡೆಸಿದರು, 1999ರ ಮಹಾಚಂಡಮಾರುತದಲ್ಲಿ ದೂರವಾಣಿ ಕೆಟ್ಟಾಗಲೂ ಅದು ನೆರವಿಗೆ ಬಂತು. ಆದರೆ ಪಾರಿವಾಳ ಹಾರುವುದು ತನ್ನ ಗೂಡಿಗೆ. ನಾವು ಹೇಳಿದಲ್ಲಿಗೆ ಅದು ಹೋಗುವುದಿಲ್ಲ, ಅದು ಹೋಗುವ ಕಡೆಗೆ ನಾವು ಚೀಟಿ ಕಟ್ಟಬೇಕು. ಕನ್ನಡದಲ್ಲಂತೂ ಈ ನಂಟು ಪದದಲ್ಲೇ ಕುಳಿತಿದೆ. ಅಂಚೆ ಎಂದರೆ ಟಪಾಲು, ಹಳೆಯ ಕಾವ್ಯಗಳಲ್ಲಿ ಅಂಚೆ ಎಂದರೆ ಹಂಸ. (ಬಹುಕಾಲ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಯ ಹಿರಿಯರು ಟಪ್ಪಾಲು ಎನ್ನುತ್ತಿದ್ದುದರಿಂದ ಈ ಸೊಗಸು ನನಗೆ ತಡವಾಗಿ ಹೊಳೆಯಿತು.) ನಳನ ಮಾತನ್ನು ದಮಯಂತಿಗೆ ಮುಟ್ಟಿಸಿದ ಹಂಸವನ್ನು ನೆನೆಯಿರಿ. ಅದು ಮೊದಲು ಪ್ರಾಣ ಉಳಿಸೆಂದು ಬೇಡಿಕೊಂಡು, ತನ್ನ ಕಡೆಯಿಂದ ಒಪ್ಪಂದ ಮಾಡಿಕೊಂಡು, ಆಮೇಲೆ ಹಾರಿತು.

ಈಗ ಜಗಳದ ಮೂಲಕ್ಕೆ ಬರುತ್ತೇನೆ. ಆ ಶನಿವಾರದ ಮಾರನೆಯ ವಾರ ಕಥೆ ಮತ್ತೆ ನಮ್ಮ ಹಳೆಯ ಸೂತ್ರಧಾರಿಣಿಯ ಕೈಗೆ ಬಂತು. ಆಟದ ಲೋಕದಲ್ಲಿ ಆಗ ಮಾಘ ಮಾಸ. ಬಂದರಿಗೂ ಘಟ್ಟದ ಮೇಲಿನವರಿಗೂ ಉಪ್ಪಿನ ಸುಂಕದ ವ್ಯಾಜ್ಯ ಬಿದ್ದಿತ್ತು. ಬಂದರಿನವರು ಉಪ್ಪು ಹತ್ತದಂತೆ ದಾರಿ ಕಟ್ಟುವ ಮೊದಲು ಮೇಲಿನವರ ಓಲೆ ತಲುಪಬೇಕಿತ್ತು. ನಾನು ಎಂದಿನಂತೆ "ಬೊಮ್ಮನ ಮೇಲೆ ಹತ್ತುತ್ತೇನೆ" ಎಂದೆ. ಅವಳು ನನ್ನ ನಿಯಮವನ್ನೇ ನನಗೆ ತಿರುಗಿಸಿದಳು: "ಬೊಮ್ಮ ಬರುವುದಿಲ್ಲ. ಅವನ ಹೆಂಡತಿ ಪೊಟರೆಯೊಳಗೆ ಕುಳಿತಿದ್ದಾಳೆ."

ಮಂಗಟ್ಟೆಯ ಬಾಳುವೆ ಗೊತ್ತಿದ್ದವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ. ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ಬಾಗಿಲನ್ನು ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಟ್ಟುಕೊಳ್ಳುತ್ತದೆ. ಒಳಗಿರುವಾಗ ಅದರ ಹಾರುಗರಿಗಳು ಉದುರಿ ಹೊಸದಾಗಿ ಬೆಳೆಯುತ್ತವೆ. ಮೊಟ್ಟೆಗೆ ಕಾವು ಕೊಡುವುದೇ 40 ದಿನದ ಹತ್ತಿರ, ಮರಿ ಬೆಳೆಯುವವರೆಗೆ ಎಲ್ಲ ಸೇರಿ ಮೂರು, ನಾಲ್ಕು ತಿಂಗಳು. ಅಷ್ಟು ಕಾಲವೂ ಗಂಡು ಅತ್ತಿ, ಆಲ, ಬಸರಿ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಆ ಸೀಳಿಗೆ ನೀಡುತ್ತದೆ. ಗಂಡು ಬರದಿದ್ದರೆ ಒಳಗಿದ್ದವರಿಗೆ ಅನ್ನವಿಲ್ಲ. ಅಂಥ ಹೊತ್ತಿನಲ್ಲಿ ತಿಮ್ಮ ಬೊಮ್ಮನ ಬೆನ್ನೇರಿದರೆ ಅದು ಓಲೆಕಾರಿಕೆಯಲ್ಲ, ಕೊಲೆ.

ಆದ್ದರಿಂದ ತಿಮ್ಮ ನಡೆದ. ಎರಡು ಶನಿವಾರ ಪೂರ್ತಿ ನಡೆದ. ದೇವಿಮನೆಯ ಇಳಿಜಾರಿನಲ್ಲಿ ಉಪ್ಪಿನ ಹೇರೆತ್ತುಗಳನ್ನು ಹೊಡೆದುಕೊಂಡು ಬರುವವರ ಜೊತೆ ಗಂಜಿ ಉಂಡ, ಅವರ ಮಾತಿನಿಂದ ಒಂದು ಸಂಗತಿ ತಿಳಿದುಕೊಂಡ. ಬಂದರಿನವರು ಸುಂಕ ಏರಿಸಿಯೇ ಇರಲಿಲ್ಲ, ನಡುವಿನ ಕಟ್ಟೆಯಲ್ಲಿ ಯಾರೋ ಎರಡನೆಯ ಬಾರಿ ವಸೂಲಿ ಮಾಡುತ್ತಿದ್ದರು. ಅವನ ಚೀಲದಲ್ಲಿದ್ದ ಓಲೆ ಬಂದರಿನವರ ಮೇಲೆ ಹೊರಿಸಿದ್ದು ಸುಳ್ಳು ಆರೋಪ. ಆಕಾಶದಲ್ಲಿ ಹೋಗಿದ್ದರೆ ಅವನಿಗೆ ಇದು ತಿಳಿಯುತ್ತಿರಲಿಲ್ಲ. ಓಲೆ ಕೊಟ್ಟು ಕೈಮುಗಿದು ನಿಂತಿರುತ್ತಿದ್ದ, ಮುಂದಿನ ಶನಿವಾರ ನಾವು ಯುದ್ಧದ ದಾಳ ಹಾಕುತ್ತಿದ್ದೆವು.

ಬೆಂಗಳೂರಿನ ಗೆಳೆಯನ ಪ್ರಕಾರ ಎರಡು ಶನಿವಾರ ಹಾಳಾದವು. ಕತ್ತಿ ಹಿಡಿದ ಪಾತ್ರಧಾರಿಗಳಿಬ್ಬರಿಗೆ ಅಷ್ಟು ಹೊತ್ತು ಕೆಲಸವಿರಲಿಲ್ಲ ಎಂಬ ಅವನ ದೂರಿನಲ್ಲಿ ಹುರುಳಿದೆ, ಅದನ್ನು ಒಪ್ಪುತ್ತೇನೆ. ಅವರನ್ನೂ ನನ್ನ ಜೊತೆ ನಡೆಸಬೇಕಿತ್ತು. ಆದರೆ ದೂತನೆಂದರೆ ಬರೀ ಸಾಗಣೆಯವನು, ಕಥೆ ಇರುವುದು ವೀರರಲ್ಲಿ ಎಂಬ ಅವನ ನಂಬಿಕೆಯನ್ನು ಒಪ್ಪಲಾರೆ. ನಮ್ಮ ಊರಿನವನಾಗಿ ಅವನು ಹಾಗೆ ಹೇಳಿದ್ದು ನನಗೆ ಬೇಸರ ತಂದಿತು. ಕೃಷ್ಣಸಂಧಾನದ ಕೃಷ್ಣನಿಗೆ, ಅಂಗದಸಂಧಾನದ ಅಂಗದನಿಗೆ ಯಾವ ಅರ್ಥಧಾರಿ ಬೇಡವೆನ್ನುತ್ತಾನೆ? ಇಬ್ಬರೂ ಮಾತು ಹೊತ್ತು ಹೋದವರೇ. ಸಭೆಯಲ್ಲಿ ಎದುರಾಳಿ ಕೇಳುವ ಅನಿರೀಕ್ಷಿತ ಪ್ರಶ್ನೆಗೆ, ಕಳಿಸಿದವನ ಮಾತನ್ನು ಮುರಿಯದೆ ತನ್ನ ಮಾತನ್ನು ಸೇರಿಸಿ ಉತ್ತರಿಸುವುದೇ ಆ ಪಾತ್ರಗಳ ಕಸುಬು. ರಾತ್ರಿಯಿಡೀ ಜನ ಕುಳಿತು ಕೇಳುವುದೂ ಅದನ್ನೇ. ತಿಮ್ಮನೂ ಈಗ ಅಲ್ಲಿಗೇ ಬಂದು ನಿಂತಿದ್ದಾನೆ. ಚೀಲದಲ್ಲಿರುವ ಓಲೆ ಒಂದು ಹೇಳುತ್ತದೆ, ದಾರಿಯಲ್ಲಿ ಅವನು ಕೇಳಿದ್ದು ಬೇರೊಂದು.

ಹಕ್ಕಿಯ ನಿಯಮಗಳನ್ನು ಉಳಿಸಬೇಕೋ ಬೇಡವೋ ಎಂದು ಗುಂಪಿನಲ್ಲಿ ಮತ ಹಾಕಿದೆವು, ಮೂರಕ್ಕೆ ಎರಡರಂತೆ ಉಳಿದವು. ಕಳ್ಳನ ಪಾತ್ರಧಾರಿ ನನ್ನ ಪರ ಮತ ಹಾಕಿದ್ದು ಬೊಮ್ಮ ಇನ್ನೂ ಎರಡು ತಿಂಗಳು ಹಾರುವುದಿಲ್ಲ ಎಂಬ ಸಂತೋಷದಿಂದ ಎಂಬುದನ್ನು ಬಲ್ಲೆ.

ಈ ಶನಿವಾರ ತಿಮ್ಮ ಬಂದರಿನ ಅಧಿಕಾರಿಯ ಎದುರು ನಿಲ್ಲುತ್ತಾನೆ. ಹಿಂದಿರುಗುವಾಗ ಓಲೆಯ ಚೀಲದ ತುಂಬ ಬಸರಿ ಹಣ್ಣು ಕೊಯ್ದುಕೊಂಡು ಹೋಗಿ ಬೊಮ್ಮನಿಗೆ ಕೊಡುತ್ತಾನೆಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಮರ ಹತ್ತುವುದಕ್ಕೆ ದಾಳ ಹಾಕಬೇಕೆಂದು ಬೆಂಗಳೂರಿನಿಂದ ಆಗಲೇ ಸಂದೇಶ ಬಂದಿದೆ.